ಹೊಗೆಯನ್ನೂ ಬಿಡದ, ದಂಡೆಯನ್ನೂ ಬಿಡದ ಹೈಡ್ರೋಜನ್ ದೋಣಿಗೆ

ಮಾನ್ಯರೇ, ನಮ್ಮ ಹೊಳೆದಂಡೆಯ ಅಲಂಕಾರವೇ, ಬೆಳ್ಳನೆಯ ಹೈಡ್ರೋಜನ್ ದೋಣಿಯವರೇ,

ಗಂಗಾವತಿ ತಾಲೂಕಿನ ಈ ದಂಡೆಯಿಂದ ವಿರೂಪಾಕ್ಷಮ್ಮ ಮಾಡುವ ಶರಣು. ತಾವು ಕ್ಷೇಮವೇ ಎಂದು ಕೇಳಬೇಕಾದ್ದಿಲ್ಲ. ಯುಗಾದಿಗೆ ಬಂದು ಹಾರ ಹಾಕಿಸಿಕೊಂಡವರು ಕಟ್ಟಿದ ಹಗ್ಗ ಬಿಚ್ಚದೆ ಆರಾಮಾಗಿರುವುದನ್ನು ದಿನಾ ಕಣ್ಣಾರೆ ಕಾಣುತ್ತೇನೆ.

ನಾನು ಆಚೆ ದಂಡೆಯ ಸಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಮೊದಲು ಮೌಲಾಹುಸೇನ ಕಾಕಾನ ಡೀಸೆಲ್ ದೋಣಿ ಕೆಮ್ಮುತ್ತ, ಹೊಗೆ ಉಗುಳುತ್ತ ನನ್ನನ್ನು ದಾಟಿಸುತ್ತಿತ್ತು. ತಾವು ಬಂದಿರೆಂದು ಅದನ್ನು ದಡಕ್ಕೆ ಎಳೆಸಿ, ಕಾಕಾನನ್ನು ತಮ್ಮ ಕಾವಲಿಗೇ ಇಟ್ಟರು. ಈಗ ನಾನು ಸೇತುವೆ ಸುತ್ತಿ, ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಮಕ್ಕಳು ತಟ್ಟೆ ಬಡಿಯುತ್ತಿರುತ್ತಾರೆ. ದಸರಾ ರಜೆ ಮುಗಿದ ಮೇಲೂ ಹೀಗೇ ಆದರೆ ಆ ದಂಡೆಯವರನ್ನೇ ಅಡುಗೆಗೆ ಇಟ್ಟುಕೊಳ್ಳುತ್ತೇವೆಂದು ಹೆಡ್‌ಮಾಸ್ತರರು ಹೇಳಿಬಿಟ್ಟಿದ್ದಾರೆ. ನನಗೆ ಭಾಳ ಸಂಕಟವಾಗಿದೆ, ಮಾನ್ಯರೇ. ಆ ಮಕ್ಕಳಿಗೆ ನನ್ನ ಸಾರಿನ ರುಚಿ ಹತ್ತಿದೆ.

ಹಾಗಂತ ತಮ್ಮನ್ನು ದೂರುವ ಬಾಯಿ ನನ್ನದಲ್ಲ. ಎಂಥ ಸಂಪನ್ನರು ತಾವು! ಹೊಗೆಯಿಲ್ಲ, ಸದ್ದಿಲ್ಲ, ಹೊಟ್ಟೆಯಿಂದ ಬರುವುದು ಬರೀ ನೀರಂತೆ. ತಮ್ಮ ಊಟದ ಗ್ಯಾಸು ಮಾತ್ರ ದೂರದ ಊರಿಂದ ಲಾರಿಯಲ್ಲೇ ಬರಬೇಕು, ಆ ಲಾರಿ ಒಮ್ಮೆ ಬಂದುಹೋಗಲು ಕುಡಿಯುವ ಡೀಸೆಲ್ಲಿನಲ್ಲಿ ಕಾಕಾ ನಮ್ಮನ್ನು ಎಷ್ಟೋ ದಿನ ದಾಟಿಸುತ್ತಿದ್ದ. ಜನ ತುಂಬಿದರೆ ಮಾತ್ರ ಗ್ಯಾಸು ತರಿಸುವ ಖರ್ಚು ಗಿಟ್ಟುತ್ತದೆ ಎನ್ನುತ್ತಾರೆ ತಮ್ಮನ್ನು ಇಲ್ಲಿಗೆ ತಂದ ಸಾಹೇಬರು. ಗ್ಯಾಸು ಬಂದರಲ್ಲವೇ ಜನ ತುಂಬುವುದು? ಹುಚ್ಚು ಬಿಡೋತನಕ ಮದುವಿ ಆಗಂಗಿಲ್ಲ, ಮದುವಿ ಆಗೋತನಕ ಹುಚ್ಚು ಬಿಡಂಗಿಲ್ಲ ಅಂದಂಗಾತು.

ತಾವು ಬಂದ ಹೊಸದರಲ್ಲಿ, ಕಾಕಾನ ದೋಣಿ ಇನ್ನೂ ಓಡುತ್ತಿದ್ದಾಗ, ಗ್ಯಾಸು ಎಷ್ಟು ಬೇಕಾದೀತೆಂದು ಸರ್ವೆ ಮಾಡುವವರು ಬಂದು ದಂಡೆಯಲ್ಲಿ ಕೂತರು. ನಾವೋ, ಸುಗ್ಗಿಯಲ್ಲಿ ಕಾಕಾನಿಗೆ ಮನೆಗಿಷ್ಟು ಭತ್ತ ಅಳೆದು ಆಯ ಕೊಟ್ಟು ವರ್ಷವಿಡೀ ದಾಟುವ ಮಂದಿ. ಯಾರೂ ರೊಕ್ಕ ಬಿಚ್ಚಿದ್ದು ಅವರಿಗೆ ಕಾಣಲಿಲ್ಲ. ಇಲ್ಲಿ ಪ್ರಯಾಣಿಕರೇ ಇಲ್ಲವೆಂದು ಬರೆದುಕೊಂಡು, ಕಾಕಾನ ದೋಣಿಯಲ್ಲೇ ಪುಕ್ಕಟೆ ದಾಟಿ ಹೋದರು. ಇದು ತಿಳಿದು ನಮ್ಮ ಶಾಂತಕ್ಕ ತಮಗೂ ಆಯವೆಂದು ಒಂದು ಚೀಲ ಭತ್ತ ತಮ್ಮ ಮೇಲೆ ಇಟ್ಟು ಬಂದಳು. ಟಿಕೀಟಿನ ಯಂತ್ರ ಅದನ್ನು ನುಂಗಲಿಲ್ಲ, ಗುಬ್ಬಿಗಳು ನುಂಗಿದವು.

ತಮ್ಮ ಊಟ ನೀರಿನೊಳಗೇ ಅಡಗಿದೆಯೆಂದು ಸಾಲೆಯ ವಿಜ್ಞಾನದ ಭವಾನಿ ಮೇಡಂ ಹೇಳುತ್ತಾರೆ. ಹೊಳೆ ತುಂಬ ಅನ್ನ ಇಟ್ಟುಕೊಂಡು ಉಪವಾಸ ಮಲಗುವುದು ತಮ್ಮಂಥವರಿಗೆ ಶೋಭಿಸುತ್ತದೆಯೇ? ದಯಮಾಡಿ ಒಮ್ಮೆ ಮುಳುಗಿ, ನಾಲ್ಕು ಗುಟುಕು ಕುಡಿದು ಹೊರಡಬೇಕು. ಅದೂ ಆಗದಿದ್ದರೆ ಕಾಕಾನ ದೋಣಿಯನ್ನು ನೀರಿಗಿಳಿಸಿ, ಅದರ ಹಿಂದೆ ತಮ್ಮನ್ನು ಕಟ್ಟಿಸಿಕೊಳ್ಳಬೇಕು. ಅದು ಎಳೆಯಲಿ, ನಾವು ತಮ್ಮ ಮೇಲೆ ಕೂತು ದಾಟುತ್ತೇವೆ. ಫೋಟೋದಲ್ಲಿ ಮುಂದಿನದನ್ನು ಕತ್ತರಿಸಿದರಾಯಿತು.

ಸೌಟು ಹಿಡಿದು ಈ ದಂಡೆಯಲ್ಲೇ ಉಳಿದಿರುವ ತಮ್ಮ ವಿಶ್ವಾಸಿ,
ವಿರೂಪಾಕ್ಷಮ್ಮ

ವಿ.ಸೂ.: ದಸರಾದೊಳಗೆ ನನ್ನನ್ನು ದಾಟಿಸಿದರೆ ಈ ಸುಗ್ಗಿಯ ಮೊದಲ ಚೀಲ ಭತ್ತ ತಮ್ಮದೇ. ದಾಟಿಸದಿದ್ದರೂ ಬೇಜಾರು ಬೇಡ. ದಂಡೆಯಲ್ಲಿ ಕೂತವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ, ತಮಗೆಂದೇ ಒಂದು ಚೀಲ ಹೊಟ್ಟು ಎತ್ತಿಡುತ್ತೇನೆ.