ಮೂರು ಮಕ್ಕಳ ಅಳಿಯನ ತಟ್ಟೆ

ಜೂನ್ ಎಂಟು, ಭಾನುವಾರ, ಮಧ್ಯಾಹ್ನ ಮೂರೂವರೆ. ಮಾಗಡಿಯ ಮಾವನ ಮನೆ ಜಗಲಿ.

ಮಕ್ಕಳನ್ನು ಸಾಕುವ ಖರ್ಚೆಂದರೆ ಎಲ್ಲರೂ ಹಾಲು, ಬಟ್ಟೆ, ಸ್ಕೂಲ್ ಫೀಸು ಎನ್ನುತ್ತಾರೆ. ಅದಕ್ಕೆಲ್ಲ ನನ್ನ ದೂರಿಲ್ಲ. ಒಂದೊಂದು ಮಗುವಿಗೂ ಅತ್ತೆಮನೆಯಲ್ಲಿ ನನ್ನ ಮರ್ಯಾದೆ ಎಷ್ಟೆಷ್ಟು ಖರ್ಚಾಗುತ್ತದೆ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ.

ನನ್ನ ಹೆಂಡತಿ ಸುಧಾಳ ಮೂರೂ ಬಾಣಂತನ ತವರಿನಲ್ಲೇ. ದೊಡ್ಡ ಮಗಳು ಹುಟ್ಟಿದಾಗ ನಾನು ರಾಮನಗರದಿಂದ ಬಂದು ಬಸ್ಸಿಳಿಯುವಷ್ಟರಲ್ಲಿ ಮಾವ ಸ್ಕೂಟರ್ ತಂದು ನಿಂತಿರುತ್ತಿದ್ದರು. ಡೈರಿಯ ಪ್ರಕಾರ ಆಗ ಹತ್ತು ಸಲ ಬಂದು ಒಂಬತ್ತು ಸಲ ನಾಟಿಕೋಳಿ ಸಾರು ಉಂಡಿದ್ದೇನೆ, ಹತ್ತನೆಯದು ಶನಿವಾರವಾಗಿತ್ತು. ಎರಡನೆಯವಳು ಹುಟ್ಟಿದಾಗ ಕೋಳಿ ಹೋಗಿ ಮೊಟ್ಟೆ ಬಂತು, ಸ್ಕೂಟರ್ ಹೋಗಿ ಭಾಮೈದನ ಸೈಕಲ್ ಬಂತು. ಈಗ ಮೂರನೆಯವನು. ಇವತ್ತು ನಡೆದೇ ಬಂದೆ, ಕೈಯಲ್ಲಿ ಅತ್ತೆ ಫೋನ್ ಮಾಡಿ ತರಹೇಳಿದ್ದ ಎರಡು ಕೆಜಿ ಟೊಮೆಟೊ.

ಇಷ್ಟನ್ನೂ ಸಹಿಸುತ್ತಿದ್ದೆ. ಆದರೆ ಸುಧಾಳ ತಂಗಿಯೂ ಚೊಚ್ಚಲ ಹೆರಿಗೆಗೆಂದು ಇಲ್ಲೇ ಇದ್ದಾಳೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿರುವವನು, ಇವತ್ತು ಬರುವವನಿದ್ದ. ನಾನು ಚಪ್ಪಲಿ ಬಿಡುವ ಮೊದಲೇ ಅತ್ತೆ, “ಬಂದ್ರಾ, ಒಳ್ಳೇದಾಯ್ತು. ಸಣ್ಣಳಿಯಂದ್ರು ಬತ್ತಾವ್ರೆ, ಒಸಿ ಆ ಕೋಳಿ ಹಿಡ್ಕೊಡಿ” ಎಂದರು.

ತೆಂಗಿನ ಮರಗಳ ಸುತ್ತ ಓಡಿ ಹಿಡಿದುಕೊಟ್ಟೆ. ಅತ್ತ ಮಾವ ಬಸ್‌ಸ್ಟ್ಯಾಂಡಿಗೆ ಹೊರಡಲು ಸ್ಕೂಟರಿನ ಕಿಕ್ಕರ್ ತುಳಿಯುತ್ತಿದ್ದರು. ಬಾಣಂತಿ ಕೋಣೆಯ ಕಿಟಕಿಯಲ್ಲಿ ನಿಂತು ದೂರು ಹೇಳಿದರೆ ಸುಧಾ ಮಗುವಿನ ಬೆನ್ನು ತಟ್ಟುತ್ತ, “ಅವ್ರು ಹೊಸಬ್ರು ಕಣ್ರೀ. ನೀವು ಮನೇವ್ರು” ಎಂದಳು. ಯಾವ ತಾರೀಕಿನಿಂದ ಎಂದು ಕೇಳಿದೆ, ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

ಊಟಕ್ಕೆ ಕೂತಾಗ, ಆ ಕೋಳಿಗಿದ್ದ ಒಂದೇ ಒಂದು ಲಿವರ್ ಅತ್ತೆಯ ಸೌಟಿನಲ್ಲಿ ನನ್ನ ತಟ್ಟೆ ದಾಟಿ ಷಡ್ಡಕನ ತಟ್ಟೆಗೆ ಇಳಿಯಿತು. ನನ್ನ ಕಣ್ಣೂ ಅದರ ಹಿಂದೆಯೇ ಹೋಯಿತು. ನನ್ನ ದೊಡ್ಡ ಮಗಳು ಎಲ್ಲರಿಗೂ ಕೇಳುವಂತೆ, “ಅಜ್ಜೀ, ಅಪ್ಪ ಚಿಕ್ಕಪ್ಪನ ತಟ್ಟೇನೇ ನೋಡ್ತಾವ್ರೆ” ಎಂದಳು. ಷಡ್ಡಕ ಗಾಬರಿಯಾಗಿ ಲಿವರನ್ನು ನನ್ನ ಕಡೆಗೆ ಎತ್ತಿದ. ನಾನು ದೊಡ್ಡವನಲ್ಲವೇ, ಬೇಡವೆಂದೆ. ಎರಡನೇ ಸಲ ಬಲವಂತ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ.

ಕೈತೊಳೆಯುವಾಗ ಮಾವ ಮೆಲ್ಲಗೆ, “ಅವ್ರಿಗೂ ಮೂರಾಗ್ಲಿ, ತಡೀರಿ” ಎಂದು ಸಮಾಧಾನ ಹೇಳಿದರು. ಆಸೆ ಹುಟ್ಟಿತು. ವಿಚಾರಿಸಿದರೆ, ಗಂಡ ಹೆಂಡತಿ ಒಂದೇ ಮಗು ಸಾಕೆಂದು ತೀರ್ಮಾನಿಸಿದ್ದಾರಂತೆ.

ನಾಲ್ಕನೆಯ ಮಗುವಾದ ಮೇಲೆ ಅಳಿಯನ ಮರ್ಯಾದೆ ಮತ್ತೆ ಏರುತ್ತದೆಯೇ, ಅಥವಾ ಇಳಿಯಲು ಇನ್ನೂ ಜಾಗವಿದೆಯೇ? ಅನುಭವವುಳ್ಳವರು ದಯವಿಟ್ಟು ಬರೆದು ತಿಳಿಸಬೇಕು. ಪತ್ರಿಕೆಗೇ ಬರೆಯಿರಿ, ಮನೆಗೆ ಬೇಡ. ನಾನು ಹೀಗೊಂದು ಲೆಕ್ಕ ಹಾಕುತ್ತಿರುವುದು ಸುಧಾಳಿಗೆ ಗೊತ್ತಿಲ್ಲ.