ನಮ್ಮ ಮನೆಯ ಸೊಟ್ಟ ನೀರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೇರವಾಗಿ ಮುಗಿದದ್ದಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲು ಹೋದರೂ ಕೊನೆಗೆ ಅಕ್ಕಪಕ್ಕದವರ ಹತ್ತಿರ ಸಾರಿ ಕೇಳಿ ಬರುವಂತಾಗುತ್ತದೆ. ಹಾಗಾಗಿ ಅಪ್ಪ ಐದಡಿ ಉದ್ದದ ಅಕ್ವೇರಿಯಂ ತರುತ್ತೇನೆ ಅಂದಾಗಲೇ ನನಗೆ ಏನೋ ಕಾದಿದೆ ಅನ್ನಿಸಿತ್ತು. ಹೇಳಲಿಲ್ಲ. ನಾನು ಹೇಳುವುದೇ ಕಡಿಮೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ತಲೆಯಲ್ಲಿರುವುದನ್ನು ಕನ್ನಡಕ್ಕೆ ತಂದು, ಅದರ ಜೊತೆಗೆ ಧೈರ್ಯವನ್ನೂ ತಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಮನೆಯವರು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿರುತ್ತಾರೆ.

ನಾವಿರುವುದು ಬ್ಯಾಟರಾಯನಪುರದ ಒಂದು ಬಾಡಿಗೆ ಮನೆಯಲ್ಲಿ. ಕೆಳಗೆ ಓನರ್, ನಡುವೆ ನಾವು, ಮೇಲಿನ ಮನೆ ಖಾಲಿ. ಮತ್ತಿಕೆರೆಯಲ್ಲಿ ರೂಮು ಬಿಡುತ್ತಿದ್ದ ಕಾಲೇಜು ಹುಡುಗರು ಟ್ಯಾಂಕು, ಅದರ ಕಬ್ಬಿಣದ ಸ್ಟ್ಯಾಂಡು, ಒಳಗಿದ್ದ ಒಂದೇ ಒಂದು ಆಸ್ಕರ್ ಮೀನು, ಎಲ್ಲವನ್ನೂ ಅಪ್ಪನಿಗೆ ಒಪ್ಪಿಸಿದರು. ಅಂಗೈಗಿಂತ ದೊಡ್ಡ ಮೀನು, ಕಪ್ಪು ಮೈ, ಅಲ್ಲಲ್ಲಿ ಕಿತ್ತಳೆ ಬಣ್ಣ. ಸಂಜೆ ಅಪ್ಪ ಮನೆಗೆ ಬಂದರೆ ಓಡಿ ಬಂದು ಮುಖ ನೋಡುತ್ತಿದ್ದದ್ದು ಮನೆಯಲ್ಲಿ ಅದೊಂದೇ.

೧. ದಿಕ್ಕು

ಟ್ಯಾಂಕು ಎಲ್ಲಿಡಬೇಕು ಅನ್ನುವುದು ಮೊದಲ ಪ್ರಶ್ನೆ. ನೀರು ಇರಬೇಕಾದದ್ದು ಈಶಾನ್ಯದಲ್ಲಿ ಅಂತ ಅಮ್ಮ ಹೇಳಿದರು. ಅಪ್ಪ ಸ್ಟ್ಯಾಂಡಿನ ಪಕ್ಕ ನಿಂತು ಫೋನಿನಲ್ಲಿ ದಿಕ್ಸೂಚಿ ತೆಗೆದರು. ಅದು ಈಶಾನ್ಯ ಅಂತ ಅಡುಗೆಮನೆಯನ್ನು ತೋರಿಸಿತು. ಅಮ್ಮನ ಫೋನು ಬಚ್ಚಲುಮನೆಯನ್ನು ತೋರಿಸಿತು. ನನ್ನದು ಚಪ್ಪಲಿ ಸ್ಟ್ಯಾಂಡನ್ನು.

ಅಷ್ಟೊಂದು ಕಬ್ಬಿಣದ ಪಕ್ಕ ಹಿಡಿದರೆ ದಿಕ್ಸೂಚಿಗೆ ತಲೆ ಕೆಡುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಅದನ್ನು ಕನ್ನಡಕ್ಕೆ ತರುತ್ತಿರುವಾಗಲೇ ಅಪ್ಪ ಓನರ್ ಅಂಕಲ್‌ನ ಕೂಗಿ ಆಗಿತ್ತು.

ಅಂಕಲ್ ಇದೇ ಊರಿನ ಹಳೇ ಮನೆತನದವರು. ಬಾಗಿಲಲ್ಲೇ ನಿಂತು, "ಈ ಜಾಗದಾಗೆ ನಮ್ಮಪ್ಪ ರಾಗಿ ಬೆಳೀತಿದ್ರು. ನಂಗೆ ಫೋನ್ ನೋಡಿ ದಿಕ್ಕು ಏಳ್ಬೇಕಾ ಸಾರ್? ಅಗೋ, ಅದೇ ಈಶಾನ್ಯ. ಅಲ್ಲೇ ಇಡಿ" ಅಂತ ಒಂದು ಮೂಲೆಗೆ ಬೆರಳು ತೋರಿಸಿ ಹೋದರು.

ಅಲ್ಲೇ ಇಟ್ಟೆವು. ಪೈಪ್ ಹಾಕಿ ನೀರು ತುಂಬಿಸಿದೆವು. ತುಂಬಿದ ಮೇಲೆ ನೋಡಿದರೆ ಎಡಗಡೆ ನೀರು ಅಂಚಿಗಿಂತ ನಾಲ್ಕು ಬೆರಳು ಕೆಳಗೆ, ಬಲಗಡೆ ಎರಡೇ ಬೆರಳು. ಅಪ್ಪ ತಲೆ ಓರೆ ಮಾಡಿ ನೋಡಿದರು. ಹಿಂದೆ ಸರಿದು ನೋಡಿದರು. ಕನ್ನಡಕ ಒರೆಸಿಕೊಂಡು ನೋಡಿದರು.

"ಲೇ, ನೀರು ಯಾಕೆ ಸೊಟ್ಟ ನಿಂತಿದೆ?"

ಅಮ್ಮ ಅಡುಗೆಮನೆಯಿಂದಲೇ ಹೇಳಿದರು: "ಬೋರ್ ನೀರಲ್ವಾ, ಹಂಗೇ ಇರುತ್ತೆ."

೨. ಮೀನಿನ ತೂಕ

ಅಪ್ಪ ಯಶವಂತಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿಗಳಿಗೆ ಲೋಡ್ ಮಾಡಿಸುವವರು. ಯಾವ ಲಾರಿ ಯಾವ ಕಡೆ ವಾಲುತ್ತದೆ ಅಂತ ದೂರದಿಂದಲೇ ಹೇಳುತ್ತಾರೆ. ಹಾಗಾಗಿ ಟ್ಯಾಂಕಿನ ವಿಷಯದಲ್ಲೂ ತಕ್ಷಣ ತೀರ್ಪು ಕೊಟ್ಟರು: ಸ್ಟ್ಯಾಂಡಿನ ಬಲಗಾಲು ಗಿಡ್ಡ.

ವೆಲ್ಡಿಂಗ್‌ನವರು ಬಂದು ಸ್ಟ್ಯಾಂಡನ್ನು ಆರ್.ಟಿ. ನಗರದ ತಮ್ಮ ಅಂಗಡಿಗೆ ಹೊತ್ತುಕೊಂಡು ಹೋದರು. ಅದು ವಾಪಸ್ ಬರುವವರೆಗೆ ಮೀನು ನಮ್ಮ ಸ್ನಾನದ ನೀಲಿ ಟಬ್ಬಿನಲ್ಲಿತ್ತು, ನಾವು ಒಂದೊಂದೇ ಚೆಂಬು ನೀರು ಹಿಡಿದುಕೊಂಡು ಸ್ನಾನ ಮಾಡಿದೆವು. ಅವರು ಫೋನ್ ಮಾಡಿ, "ಸಾರ್, ನಮ್ಮ ಅಂಗಡೀಲಿ ಇಟ್ರೆ ಗುಂಡುಕಲ್ಲಿನ ಥರಾ ನಿಂತಿದೆ. ಕಾಲೆಲ್ಲಾ ಸಮ ಇದೆ" ಅಂದರು. ವಾಪಸ್ ತಂದರು. ನಮ್ಮ ಮೂಲೆಯಲ್ಲಿ ಇಟ್ಟರು. ಮತ್ತೆ ಸೊಟ್ಟ.

"ಹಂಗಾದ್ರೆ ಗಾಜೇ ಸೊಟ್ಟ ಸಾರ್" ಅಂದರು ವೆಲ್ಡಿಂಗ್‌ನವರು.

ಅಪ್ಪ ಅಕ್ವೇರಿಯಂ ಮೀನಿನ ಅಂಗಡಿಯವರನ್ನು ಕರೆಸಿದರು. ಅವರು ಟೇಪು ಹಿಡಿದು ಗಾಜಿನ ನಾಲ್ಕೂ ಮೂಲೆ ಅಳೆದು, "ಗಾಜು ಪರ್ಫೆಕ್ಟ್. ಸ್ಟ್ಯಾಂಡೇ ಸೊಟ್ಟ" ಅಂದರು. ಇಬ್ಬರೂ ನಮ್ಮ ಹಾಲ್‌ನಲ್ಲಿ ಎದುರುಬದುರು ನಿಂತು ಸ್ವಲ್ಪ ಹೊತ್ತು ಜಗಳ ಆಡಿದರು. ಅಮ್ಮ ಕಾಫಿ ಕೊಟ್ಟ ಮೇಲೆ ರಾಜಿಯಾಗಿ ಒಂದೇ ಮಾತಿಗೆ ಬಂದರು.

"ಸಾರ್, ಮೀನು ನೋಡಿ. ಯಾವಾಗಲೂ ಬಲಗಡೇನೇ ನಿಂತಿರುತ್ತೆ. ಭಾರ ಎಲ್ಲಾ ಆ ಕಡೆ ಬೀಳ್ತಿದೆ."

ಲಾರಿಗಳ ಲೆಕ್ಕದಲ್ಲಿ ಅಪ್ಪನಿಗೆ ಇದು ಸರಿ ಅನ್ನಿಸಿತು. ಆ ವಾರವೆಲ್ಲ ಎಡಗಡೆಯಿಂದಲೇ ಊಟ ಹಾಕಿ, ಮೀನಿಗೆ ಎಡಗಡೆ ಇರುವ ಅಭ್ಯಾಸ ಮಾಡಿಸಿದರು. ಮೀನು ಎಡಗಡೆ ಬಂತು. ನೀರು ಬರಲಿಲ್ಲ.

೩. ಚಟ್ನಿ

ಆಮೇಲೆ ಶುರುವಾಯಿತು ಸ್ಟ್ಯಾಂಡಿನ ಬಲಗಾಲಿನ ಕೆಳಗೆ ಏನಾದರೂ ಕೊಡುವ ಕೆಲಸ. ಮೊದಲು ರಟ್ಟು. ನೀರು ಬಿದ್ದು ಅದು ಹಿಟ್ಟಾಯಿತು. ಆಮೇಲೆ ಕೇರಂ ಬೋರ್ಡಿನ ಸ್ಟ್ರೈಕರ್. ಆಮೇಲೆ ನನ್ನ ಹವಾಯಿ ಚಪ್ಪಲಿಯ ಹಿಮ್ಮಡಿಯ ತುಂಡು, ನನ್ನನ್ನು ಕೇಳದೆ. ಇಷ್ಟಾದ ಮೇಲೆ ಟ್ಯಾಂಕು ಸೊಟ್ಟ ಇರುವುದರ ಜೊತೆಗೆ ಅಲ್ಲಾಡುವುದಕ್ಕೂ ಶುರುಮಾಡಿತು.

ಬಸ್ಸು ಹೋದರೆ ಅಲ್ಲಾಡುತ್ತಿತ್ತು. ನೆಂಟರು ಜೋರಾಗಿ ನಕ್ಕರೆ ಅಲ್ಲಾಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಮಿಕ್ಸಿ ಹಾಕಿದರೆ. ಅದಕ್ಕೇ ಮನೆಯಲ್ಲಿ ಒಂದು ನಿಯಮ ಬಂತು. ಬೆಳಿಗ್ಗೆ ಅಮ್ಮ "ಚಟ್ನೀ..." ಅಂತ ಕೂಗಬೇಕು, ಅಪ್ಪ ಓಡಿ ಹೋಗಿ ಎರಡೂ ಕೈ ಚಾಚಿ ಟ್ಯಾಂಕನ್ನು ತಬ್ಬಿ ಹಿಡಿಯಬೇಕು, ಆಮೇಲೆ ಅಮ್ಮ ಮಿಕ್ಸಿ ಹಾಕಬೇಕು. ಗಾಜಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡು ಅಪ್ಪ. ಅವರ ಕೆನ್ನೆಯ ಎದುರಿಗೇ ಬಂದು ಬಾಯಿ ಆಡಿಸುತ್ತಿರುವ ಮೀನು.

ಒಂದು ಬೆಳಿಗ್ಗೆ ಓನರ್ ಅಂಕಲ್ ಮೋಟರ್ ವಿಷಯ ಮಾತಾಡಲು ಬಂದವರು ಇದನ್ನು ನೋಡಿಬಿಟ್ಟರು. ಮಿಕ್ಸಿ ನಿಂತಿತು. ಅಪ್ಪ ಕಣ್ಣು ಬಿಟ್ಟರು.

"ಏನ್ ಸಾರ್ ಇದು?"

"ಚಟ್ನಿ" ಅಂದರು ಅಪ್ಪ.

ಅಂಕಲ್ ಟ್ಯಾಂಕನ್ನು ನೋಡಿದರು, ಸೊಟ್ಟ ನೀರನ್ನು ನೋಡಿದರು, ನೆಲವನ್ನು ನೋಡಿದರು. ಆ ಮೂಲೆಯ ನೇರ ಕೆಳಗೆ ಅವರ ಮಂಚ ಇರುವುದು ಆಗ ಅವರಿಗೆ ಹೊಳೆಯಿತು. "ಇಂಗೇ ಬಿಟ್ರೆ ಒಂದಿನ ನಿಮ್ಮ ಮೀನು ನಮ್ಮ ಆಸಿಗೇಲಿ ಮಲಗಿರ್ತದೆ. ಬರೋ ಬಾನುವಾರದೊಳಗೆ ಇದು ನೆಟ್ಟಗಾಗ್ಬೇಕು. ಇಲ್ಲಾಂದ್ರೆ ಮೀನು ಮನೇಲಿ ಇರಂಗಿಲ್ಲ. ಬೇಜಾರ್ ಮಾಡ್ಕೋಬೇಡಿ ಸಾರ್."

ಅಪ್ಪ ಬೇಜಾರ್ ಮಾಡಿಕೊಂಡರು. ಮೀನಿನ ಅಂಗಡಿಯವರು ನಾವು ಇಟ್ಕೋತೀವಿ, ಆದರೆ ಬೇರೆ ದೊಡ್ಡ ಮೀನುಗಳ ಜೊತೆ ಬಿಡ್ತೀವಿ, ಅವು ಕಚ್ಚಿದ್ರೆ ನಮ್ಮನ್ನ ಕೇಳಬೇಡಿ ಅಂದರು. ಆ ವಾರ ಅಪ್ಪ ಆಫೀಸಿನಿಂದ ಬೇಗ ಬರುತ್ತಿದ್ದರು. ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು.

ಆ ದಿನಗಳಲ್ಲಿ ನಮ್ಮ ಮನೆಯ ಚಟ್ನಿಯಲ್ಲಿ ತೆಂಗಿನಕಾಯಿ ಚೂರು ಚೂರಾಗಿ ಸಿಗುತ್ತಿತ್ತು. ಅಪ್ಪನ ಮುಖ ನೋಡಿ ಅಮ್ಮನಿಗೆ ಪೂರ್ತಿ ರುಬ್ಬಲು ಮನಸ್ಸು ಬರುತ್ತಿರಲಿಲ್ಲ.

೪. ನಿಂಬೆಹಣ್ಣು

ಇಷ್ಟು ದಿನ ನಾನು ಗಮನಿಸುತ್ತಿದ್ದದ್ದು ಒಂದಿತ್ತು. ನಮ್ಮ ಮನೆಯಲ್ಲಿ ಏನೇ ಕಳೆದುಹೋದರೂ ಸಿಗುತ್ತಿದ್ದದ್ದು ಟ್ಯಾಂಕಿನ ಕೆಳಗೆ. ನನ್ನ ಪೆನ್ನು, ಅಮ್ಮನ ದಾರದುಂಡೆ, ಬಟಾಣಿ ಬಿಡಿಸುವಾಗ ತಪ್ಪಿಸಿಕೊಂಡ ಕಾಳು. ಬೀಳುವುದು ಎಲ್ಲೋ, ಹೋಗಿ ಸೇರುವುದು ಅಲ್ಲೇ. ಅಂದರೆ ಸ್ಟ್ಯಾಂಡೂ ಸೊಟ್ಟ ಅಲ್ಲ, ಗಾಜೂ ಸೊಟ್ಟ ಅಲ್ಲ, ಪಾಪ ಮೀನಂತೂ ಅಲ್ಲವೇ ಅಲ್ಲ.

ಭಾನುವಾರ ಓನರ್ ಅಂಕಲ್ ಮತ್ತು ಆಂಟಿ ಬಂದು ಕೂತರು. ಅಪ್ಪ ಆಗಲೇ ನೀಲಿ ಟಬ್ಬಿಗೆ ನೀರು ತುಂಬಿಸಿ ಇಟ್ಟುಕೊಂಡಿದ್ದರು, ಮೀನನ್ನು ಕೊಂಡೊಯ್ಯಲು. ನಾನು ಹೇಳಬೇಕು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ. ಷರಬತ್ತು ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ದುಂಡಗಿದ್ದ ಒಂದು ನಿಂಬೆಹಣ್ಣು ಆರಿಸಿಕೊಂಡೆ. ಹಾಲ್‌ನ ಈ ತುದಿಯಲ್ಲಿ ಕೂತು ಅದನ್ನು ನೆಲದ ಮೇಲಿಟ್ಟು ಕೈ ಬಿಟ್ಟೆ.

ಅದು ಉರುಳಿತು. ಅಮ್ಮನ ಕಾಲು ದಾಟಿತು. ಅಂಕಲ್‌ನ ಎರಡೂ ಕಾಲಿನ ನಡುವೆ ನುಸುಳಿತು. ಎಲ್ಲರ ಮಾತೂ ನಿಂತಿತು. ಸೀದಾ ಹೋಗಿ ಸ್ಟ್ಯಾಂಡಿನ ಕಾಲಿಗೆ ಟಕ್ ಅಂತ ತಗಲಿ ನಿಂತಿತು.

ನೆಲ ವಾಲಿದೆ ಅಂತ ಅಪ್ಪನಿಗೆ ಅರ್ಥವಾಗುವ ಮೊದಲೇ ಅಂಕಲ್ ಎದ್ದು ನಿಂತಿದ್ದರು. ಮುಖ ಅರಳಿತ್ತು.

"ನೋಡಿದ್ರಾ! ನೋಡಿದ್ರಾ ಸಾರ್! ಮನೆ ಕಟ್ಟೋವಾಗ ಮೇಸ್ತ್ರಿ ನೆಲಾನ ಮಟ್ಟವಾಗಿ ಆಕಿಬಿಟ್ಟಿದ್ದ. ನಾನ್ ಬಿಡ್ತೀನಾ? ಎಲ್ಲಾ ಕೀಳಿಸ್ದೆ! ಮೂರು ಮನೇಗೂ ಈಶಾನ್ಯಕ್ಕೆ ವಾಟ ಕೊಡಿಸ್ದೆ. ಅಬ್ಬಕ್ಕೆ ಮನೆ ತೊಳೀರಿ, ಒಂದು ತೊಟ್ಟು ನೀರು ಬೇರೆ ಕಡೆ ಇಳಿಯಲ್ಲ. ಎಂಗೈತೆ ವಾಸ್ತು!"

ಆಂಟಿ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಅಂಗಾದ್ರೆ ಆ ಮೀನ್ ಡಬ್ಬ ಸೊಟ್ಟ ಆಗಿರೋದು ನಿಮ್ಮಿಂದಾನೇ ಅನ್ನಿ."

ಅಂಕಲ್ ತಲೆ ಓರೆ ಮಾಡಿ ಟ್ಯಾಂಕನ್ನು ನೋಡಿದರು.

"ಯಾರು ಸೊಟ್ಟ ಅಂದೋರು? ಸರಿಯಾಗೇ ಐತಲ್ಲ!"

೫. ಮೇಲಿನ ಮನೆ

ವೆಲ್ಡಿಂಗ್‌ನವರು ಬಂದು ಸ್ಟ್ಯಾಂಡಿನ ಕಾಲುಗಳಿಗೆ ತಿರುಗಿಸುವ ಬೋಲ್ಟು ಹಾಕಿ ಎತ್ತರ ಸರಿಮಾಡಿಕೊಟ್ಟರು. ನೀರು ಎರಡೂ ಕಡೆ ಮೂರು ಬೆರಳಿಗೆ ಬಂತು. ಮಿಕ್ಸಿ ಧೈರ್ಯವಾಗಿ ತಿರುಗಿತು. ಅಪ್ಪ ನೀಲಿ ಟಬ್ಬನ್ನು ಬಚ್ಚಲಿಗೆ ವಾಪಸ್ ಕೊಟ್ಟರು. ಆದರೂ ಅಮ್ಮ "ಚಟ್ನೀ..." ಅಂದಾಗ ಒಂದೆರಡು ದಿನ ಓಡಿ ಬಂದು ತಬ್ಬಿಕೊಂಡರು, ಅಭ್ಯಾಸ.

ಓನರ್ ಅಂಕಲ್ ನೋಡಲು ಬಂದರು. ಅವರ ಮುಖ ಬಾಡಿಹೋಯಿತು.

"ಯಾಕ್ ಸಾರ್ ನೆಟ್ಟಗೆ ಮಾಡ್ಬಿಟ್ರಿ?"

ಅಪ್ಪ ಹೊಸ ಬೋಲ್ಟುಗಳ ಕಡೆ ಕೈ ತೋರಿಸಿದರು. "ನೀವೇ ಹೇಳಿದ್ರಲ್ಲಾ..."

"ಮೇಲಿನ ಮನೆ ನೋಡಕ್ಕೆ ಬರೋರ್ಗೆ ನಿಮ್ಮ ಡಬ್ಬ ತೋರ್ಸೋಣ ಅಂತಿದ್ದೆ. ಎಂಗೆ ಈಶಾನ್ಯಕ್ಕೆ ಇಳಿದೈತೆ ಅಂತ ಕಣ್ಣಿಗೆ ಕಾಣೋದು. ಈಗ ಏನ್ ತೋರಿಸ್ಲಿ? ಒಂಚೂರು ಸೊಟ್ಟ ಮಾಡ್ಕೊಡಿ ಸಾರ್."

ಅಪ್ಪ ಮೀನಿನ ಮುಖ ನೋಡಿದರು. ಮತ್ತೆ ಆ ಟಬ್ಬು, ಆ ಸ್ಟೂಲು ಎಲ್ಲಾ ನನಗೂ ನೆನಪಾಯಿತು. ಜೀವನದಲ್ಲಿ ಮೊದಲ ಸಲ ಯಾವ ತಯಾರಿಯೂ ಇಲ್ಲದೆ ನನ್ನ ಬಾಯಿಂದ ಕನ್ನಡ ಬಂತು: "ಅಂಕಲ್, ನಿಂಬೆಹಣ್ಣು ಬಿಟ್ಟು ತೋರಿಸಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಂಕಲ್ ಖುಷಿಯಾಗಿ, ನಮ್ಮ ಫ್ರಿಜ್ಜಿನಿಂದ ಒಂದು ನಿಂಬೆಹಣ್ಣು ತೆಗೆಸಿಕೊಂಡು ಶರ್ಟಿನ ಜೇಬಿಗೆ ಹಾಕಿಕೊಂಡು ಹೋದರು.

ಒಂದೆರಡು ತಿಂಗಳಾದ ಮೇಲೆ ಒಂದು ದಿನ ಟೆರೇಸಿನಿಂದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದೆ. ಮೇಲಿನ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮನೆ ನೋಡಲು ಬಂದ ಗಂಡ, ಹೆಂಡತಿ. ಅಂಕಲ್ ಅವರಿಗೆ ಏನೂ ಹೇಳದೆ ಜೇಬಿನಿಂದ ನಿಂಬೆಹಣ್ಣು ತೆಗೆದು, ಖಾಲಿ ಹಾಲ್‌ನ ನಡುವೆ ಕುಕ್ಕರುಗಾಲಲ್ಲಿ ಕೂತು, ಮೆಲ್ಲಗೆ ಬಿಟ್ಟರು. ಅದು ಉರುಳಿ ಮೂಲೆಗೆ ಹೋಯಿತು. ಆ ಮೂಲೆಯಲ್ಲಿ ಆಗಲೇ ಐದಾರು ನಿಂಬೆಹಣ್ಣು ಒಣಗಿ ಕಪ್ಪಾಗಿ ಬಿದ್ದಿದ್ದವು. ಮೊದಲು ಬಂದು ಹೋದವರಿಗೆ ತೋರಿಸಿದವು.

"ಸೇರ್ಕೊಂತು" ಅಂದರು ಅಂಕಲ್, ತೃಪ್ತಿಯಿಂದ.

ಹೆಂಡತಿ ಗಂಡನ ತೋಳು ಹಿಡಿದು ಎಳೆದಳು. "ರೀ, ಏನೋ ಮಾಟ ಮಾಡ್ಸವ್ರೆ. ನಡೀರಿ, ನಡೀರಿ ಮೊದ್ಲು."

ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ದಾಟಿ ಇಳಿದು ಹೋದರು. ಅಂಕಲ್ ಬಾಗಿಲಿಗೆ ಬಂದು ಕೂಗಿದರು: "ಬನ್ನಿ ಸಾರ್, ಅಡುಗೆಮನೇಲೂ ಬಿಟ್ ತೋರಿಸ್ತೀನಿ!"

ಗೇಟು ಮುಚ್ಚಿದ ಸದ್ದಾಯಿತು.

ಸಂಜೆ ಅವರು ನಮ್ಮ ಮನೆಗೆ ಬಂದು ಕೂತರು. "ಏನೂ ಅರ್ಥ ಆಗ್ತಿಲ್ಲ ಸಾರ್. ಇಷ್ಟು ಒಳ್ಳೆ ಈಶಾನ್ಯ. ಬಂದೋರೆಲ್ಲಾ ಓಡೋಯ್ತಾವ್ರೆ."

ಅಪ್ಪ ತಲೆ ಕೆರೆದುಕೊಂಡರು. ಅಮ್ಮ ಅಡುಗೆಮನೆಯಿಂದ, "ಬೋರ್ ನೀರಲ್ವಾ, ಅದಕ್ಕೇ ಇರ್ಬೇಕು" ಅಂದರು.

ಕಾರಣ ನನಗೆ ಗೊತ್ತಿತ್ತು. ಇಂಗ್ಲಿಷ್‌ನಲ್ಲಿ ಪೂರ್ತಿ ವಾಕ್ಯ ತಯಾರಾಗಿತ್ತು. ಅದನ್ನು ಅಂಕಲ್‌ಗೆ ಬೇಜಾರಾಗದ ಹಾಗೆ ಕನ್ನಡಕ್ಕೆ ತರುತ್ತಿದ್ದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು.

"ಪಾಪು, ಫ್ರಿಜ್ಜಾಗೆ ಇನ್ನೊಂದು ನಿಂಬೆಹಣ್ಣು ಐತೇನವ್ವಾ? ನಾಳೆ ಒಬ್ರು ಬತ್ತಾವ್ರೆ."