ತಪ್ಪಿಲ್ಲದ ಪ್ರೋಗ್ರಾಂ

ಒಂದು ಮೆಸೇಜಿಗೆ ಹದಿನೆಂಟು ಪೈಸೆ. ಒಂದು ಪ್ಲೇಟು ಗೋಳಿಬಜೆಯ ದುಡ್ಡಿಗೆ ಇಡೀ ಬೀದಿಗೆ ಕಳಿಸಬಹುದು. ಆ ಅಗ್ಗಕ್ಕೆ ಮರುಳಾಗಿಯೇ ಕೌಶಲ್ ಕೆಟ್ಟ.

ಮಣ್ಣಗುಡ್ಡದ ಸಂಘದ ಲೈಬ್ರರಿಗೆ ಅವನು ಪ್ರೋಗ್ರಾಂ ಬರೆದಿದ್ದ. ಅಂದು ಸಂಜೆ ಸಂಘದ ಅಧ್ಯಕ್ಷ ಜಯಣ್ಣ ಒಪ್ಪಿದರೆ ಅವನಿಗೆ ತನ್ನ ಕಂಪೆನಿಯಲ್ಲಿ ಕೆಲಸ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. "ಮೊದಲು ನನ್ನೊಟ್ಟಿಗೆ ಒಂದು ವಾರ ಕೂತು ಲೈಬ್ರರಿ ಅಂದ್ರೆ ಎಂತ ಅಂತ ಕಲಿ" ಎಂದಿದ್ದರು ಲೈಬ್ರರಿಯನ್ ಪಂಕಜಾಕ್ಷಿ.

"ಪುಸ್ತಕ ಕೊಡುದು, ತೆಗೊಳ್ಳುದು. ಅದರಲ್ಲಿ ಕಲೀಲಿಕ್ಕೆ ಎಂತ ಉಂಟು ಮೇಡಂ?"

ಬೆಳಿಗ್ಗೆ ಅಧ್ಯಕ್ಷರನ್ನು ಮೆಚ್ಚಿಸಲು ಸದಸ್ಯರಿಗೆಲ್ಲ ಮೆಸೇಜು ಬಿಟ್ಟ: ನಿಮ್ಮ ನೆರೆಯವರು ಈ ಪುಸ್ತಕ ಓದಿದ್ದಾರೆ, ನೀವೂ ಓದಿ! ಕೆಳಗೆ ಓದಿದವರ ಹೆಸರು.

ಬಾಗಿಲು ತೆರೆಯುವುದರೊಳಗೆ ಮಟಿಲ್ಡಾಬಾಯಿ ಹಾಜರು. ಹಿಂದೆ ಗಂಡ ವಿಲ್ಲಿ, ಒದ್ದೆ ಕೊಡೆಯ ಹಾಗೆ ಮುದುಡಿಕೊಂಡು.

"ಇವರು ಡೈವೋರ್ಸಿನ ಕಾನೂನು ಓದ್ತಾರಂತೆ! ಪಕ್ಕದ ಮನೆ ರಮ್ಲಾ ಫೋನ್ ಮಾಡಿ ಹೇಳಿದ್ಲು!"

"ನಿದ್ದೆ ಬರ್ಲಿಕ್ಕೆ ಮಾರಾಯ್ತಿ!"

ಬೆನ್ನಿಗೇ ನಿವೃತ್ತ ಮೇಷ್ಟ್ರು ವಿಷ್ಣುಮೂರ್ತಿ ಭಟ್ಟರು. "ಮೀನಡುಗೆ ಪುಸ್ತಕ ಕೊಂಡುಹೋದದ್ದು ಬೆಕ್ಕಿಗೆ!"

"ಬೆಕ್ಕು ಕನ್ನಡ ಓದ್ತದಾ ಮಾಷ್ಟ್ರೇ?" ಎಂದು ಯಾರೋ ಕೇಳಿದರು. ಮಧ್ಯಾಹ್ನಕ್ಕೆ ಲೈಬ್ರರಿ ಬಂದರಿನ ಮೀನು ಹರಾಜಿನಂತಾಯಿತು.

ಕೌಶಲ್ ಬೆವರುತ್ತ ಪಂಕಜಾಕ್ಷಿಯವರ ಕಿವಿಯಲ್ಲಿ ಕೇಳಿದ. "ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತಾ?"

"ಇಪ್ಪತ್ತು ವರ್ಷದಿಂದ ಎಲ್ಲರದ್ದೂ ಗೊತ್ತುಂಟು."

"ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರೆ ಇಲ್ಲಿಗೆ ಯಾರು ಬರ್ತಾರೆ? ಪಂಪ್‌ವೆಲ್ ಸರ್ಕಲಿನಲ್ಲಿ ನಿಂತು ಓದಿದ ಹಾಗೆ ಆಗ್ತದೆ."

ಕೌಶಲ್ ಕಪಾಟುಗಳನ್ನು ನೋಡಿದ. ನಿನ್ನೆಯವರೆಗೆ ಅಲ್ಲಿ ಕಾಗದ ಮಾತ್ರ ಕಂಡಿತ್ತು. ಈಗ ಊರಿನವರ ಭಯ, ಆಸೆ, ನಾಚಿಕೆಗಳೆಲ್ಲ ಬೆನ್ನು ತಿರುಗಿಸಿ ಸಾಲಾಗಿ ನಿಂತಿರುವಂತೆ ಕಂಡಿತು. ಅಷ್ಟನ್ನೂ ಪಂಕಜಾಕ್ಷಿಯವರ ಮುಚ್ಚಿದ ಬಾಯಿಯೊಂದೇ ಕಾದಿದೆ. ಅರಿವಿಲ್ಲದೆ ಚಪ್ಪಲಿ ಕಳಚಿಟ್ಟ.

ಸಂಜೆ ಜಯಣ್ಣ ಬಂದರು. "ಒಂದೇ ಪ್ರಶ್ನೆ ಮಾರಾಯ. ಮೆಸೇಜಿನಲ್ಲಿ ಇದ್ದದ್ದು ಸರಿಯಾ, ತಪ್ಪಾ? ಸರಿಯಾದ್ರೆ ನಿನ್ನ ಪ್ರೋಗ್ರಾಂ ಪಾಸ್."

ಕೌಶಲನ ಜೀವಮಾನದಲ್ಲಿ ಒಂದೂ ತಪ್ಪಿಲ್ಲದೆ ಓಡಿದ ಮೊದಲ ಪ್ರೋಗ್ರಾಂ ಅದು. ಭಟ್ಟರು ಶಲ್ಯದಲ್ಲಿ ಮುಖ ಒರೆಸಿಕೊಂಡರು. ವಿಲ್ಲಿ ಶಿಲುಬೆಯ ಗುರುತು ಹಾಕಿಕೊಂಡ.

"ಎಲ್ಲ ತಪ್ಪು ಸರ್. ಯಾರದೋ ಪುಸ್ತಕ ಯಾರದೋ ಹೆಸರಿಗೆ ಹೋಗಿದೆ."

"ನಾನು ಹೇಳ್ಲಿಲ್ವಾ!" ಬೆಳಗಿನ ಬೆಕ್ಕನ್ನು ಮರೆತೇಬಿಟ್ಟ ಭಟ್ಟರ ದನಿ ಮಾಳಿಗೆ ಮುಟ್ಟಿತು. "ಈಗಿನ ಹುಡುಗರಿಗೆ ಒಂದು ಕೆಲಸ ನೆಟ್ಟಗೆ ಬರುದಿಲ್ಲ" ಎಂದು ಎಲ್ಲರಿಗಿಂತ ಜೋರಾಗಿ ಬೈದವನು ವಿಲ್ಲಿ.

ಜಯಣ್ಣ ಕೈ ಕೊಡವಿದರು. "ಹಾಗಾದ್ರೆ ಈ ಪ್ರೋಗ್ರಾಂ ಬೇಡ."

ಕೌಶಲ್ ಹೊರಡುವ ಮುಂಚೆ, ಇಂಟರ್‌ವ್ಯೂ ಎದುರಿಸುವ ಬಗ್ಗೆ ಒಂದು ಪುಸ್ತಕ ಎತ್ತಿ ತಂದ. ಪಂಕಜಾಕ್ಷಿ ಹೆಸರು ಕೂಡ ಓದದೆ, ಪುಸ್ತಕವನ್ನು ಮಗುಚಿ ಅವನತ್ತ ಸರಿಸಿದರು.

ಅವನ ಹಿಂದೆಯೇ ವಿಲ್ಲಿ ನಿಂತಿದ್ದ. ಹೆಂಡತಿ ಮೆಟ್ಟಿಲಿಳಿಯುವುದನ್ನೇ ಕಾದು ಪಿಸುಗುಟ್ಟಿದ: "ಮೇಡಂ, ಆ ಕಾನೂನಿನದ್ದು ಎರಡನೇ ಭಾಗ ಉಂಟಾ?"

ಊರಿನ ಗುಟ್ಟು ಉಳಿಯಿತು. ಕೌಶಲನ ಕೆಲಸ ಹೋಯಿತು.